ಇತಿಹಾಸ ನೋಡಿ

ಕನ್ನಡ ವಿಕಿಪೀಡಿಯದ ಪ್ರತಿ ಲೇಖನದ ನೆತ್ತಿಯ ಮೇಲೆ ‘ಇತಿಹಾಸ ನೋಡಿ’ ಎಂದು ಬರೆದಿರುತ್ತದೆ. ಬಹಳ ಮಂದಿ ಅದನ್ನು ಒತ್ತುವುದೇ ಇಲ್ಲ. ಒತ್ತಿದರೆ ಆ ಲೇಖನ ನಡೆದು ಬಂದ ದಾರಿಯೆಲ್ಲ ಬಿಚ್ಚಿಕೊಳ್ಳುತ್ತದೆ. ಯಾರು ಯಾವಾಗ ಏನು ಸೇರಿಸಿದರು, ಏನು ಅಳಿಸಿದರು ಎಲ್ಲವೂ ಅಲ್ಲಿದೆ. ಹಳೆಯ ಸಾಲು ಎಡಕ್ಕೆ, ಹೊಸ ಸಾಲು ಬಲಕ್ಕೆ. ಕಲಬುರಗಿಯಲ್ಲಿ ರಾತ್ರಿ ಊಟವಾದ ಮೇಲೆ ಇವೆರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುವುದು ನನಗೆ ಪ್ರಿಯವಾದ ಕೆಲಸ.

ಬೈಗುಳ ಬರೆದು ಹೋದವರ ತಿದ್ದುಪಡಿ ದೊಡ್ಡ ತಲೆನೋವಲ್ಲ. ‘ವಜಾ ಮಾಡಿ’ ಎಂದರೆ ಮುಗಿಯಿತು. ಕಷ್ಟವಾಗುವುದು ಒಳ್ಳೆಯ ಮನಸ್ಸಿನಿಂದ ಮಾಡಿದ ಕಳಪೆ ತಿದ್ದುಪಡಿ. ನಮ್ಮ ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿ ಆಯಿತು. ಅಭಿಮಾನಿಯೊಬ್ಬರು ಕಂಡಕಂಡಲ್ಲಿ ‘ಗುಲ್ಬರ್ಗಾ’ ಅಳಿಸಿ ಹೊಸ ಹೆಸರು ತುಂಬಿದರು. ಆ ಭರದಲ್ಲಿ 1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ವಿಶ್ವವಿದ್ಯಾಲಯದ ಹೆಸರೂ ಹೋಯಿತು, ಹಳೆಯ ಪುಸ್ತಕಗಳ ಶೀರ್ಷಿಕೆಗಳೂ ಹೋದವು. ಊರಿನ ಹೆಸರು ಬದಲಾದರೆ ಅಚ್ಚಾದ ಪುಸ್ತಕದ ಹೆಸರು ಬದಲಾಗುತ್ತದೆಯೇ? ಇಂಥದ್ದನ್ನು ಒಂದೊಂದಾಗಿ ನೋಡಿ, ಸರಿಯಿದ್ದದ್ದನ್ನು ಉಳಿಸಿ, ಕೆಟ್ಟದ್ದನ್ನಷ್ಟೇ ಹಿಂದಕ್ಕೆ ತರಬೇಕು. ಪೂರ್ತಿ ವಜಾ ಮಾಡುವುದು ಸುಲಭ, ಆದರೆ ಅದು ನ್ಯಾಯವಲ್ಲ.

ಕಮಲಾಪುರದ ಪಾಡು ಬೇರೆ. ಹಂಪಿಯ ಮಗ್ಗುಲಲ್ಲೂ ಒಂದು ಕಮಲಾಪುರ ಇದೆ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಇರುವುದು ಅಲ್ಲಿ. ನಮ್ಮದು ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯ ಕಮಲಾಪುರ, ಈಗ ತಾಲೂಕು ಕೇಂದ್ರ, ಭೌಗೋಳಿಕ ಸೂಚಿಕೆ ಪಡೆದ ಕೆಂಪು ಬಾಳೆಯ ಊರು. ನಡುವೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ಆದರೂ ಒಂದರ ಪುಟಕ್ಕೆ ಇನ್ನೊಂದರ ಸಂಗತಿ ಬಂದು ಕೂಡುತ್ತದೆ. ಬದಲಾದ ಸಾಲನ್ನಷ್ಟೇ ನೋಡಿದರೆ ತಪ್ಪು ಸಿಗುವುದಿಲ್ಲ, ಏಕೆಂದರೆ ವಾಕ್ಯ ಶುದ್ಧವಾಗಿರುತ್ತದೆ, ಕಾಗುಣಿತವೂ ಸರಿಯಿರುತ್ತದೆ. ಇಡೀ ಪ್ಯಾರಾ ಓದಿದಾಗಲೇ ಗೊತ್ತಾಗುವುದು, ಈ ಸಂಗ್ರಹಾಲಯ ನಮ್ಮದಲ್ಲ ಎಂದು.

ಇದೇ ಪುಟಕ್ಕೆ ಒಬ್ಬ ಹುಡುಗ ಬರೆದ: ‘ಕಮಲಾಪುರದ ಬಾಳೆಹಣ್ಣು ಜಗತ್ತಿನಲ್ಲೇ ಅತ್ಯಂತ ರುಚಿಯಾದದ್ದು.’ ಆಧಾರವಿಲ್ಲ ಎಂದು ತೆಗೆದೆ, ಕಾರಣವನ್ನೂ ಬರೆದೆ. ಚರ್ಚೆ ಪುಟದಲ್ಲಿ ಅವನ ಪ್ರಶ್ನೆ ಬಂತು: “ಸರ್, ನಮ್ಮೂರ ಹಣ್ಣಿನ ಬಗ್ಗೆ ಬರ್ದಿದ್ದು ಯಾಕ ತಗದ್ರಿ? ಖರೇನೇ ಅದ ಅಲ್ಲ?” ರುಚಿಯನ್ನು ಅಳೆಯುವವರಿಲ್ಲ, ಆದರೆ ಗಿಡ ನೆಟ್ಟ ಮೇಲೆ ಗೊನೆ ಕೊಯ್ಯಲು ಎಷ್ಟು ತಿಂಗಳು ಬೇಕು, ಬೆಳೆಗಾರರು ಯಾಕೆ ಕಡಿಮೆಯಾದರು, ಇದನ್ನು ಆಧಾರ ಕೊಟ್ಟು ಬರೆಯಪ್ಪ ಎಂದೆ. ಬರೆದ. ಕೆಂಪು ಸಿಪ್ಪೆಯ ಒಂದು ಗೊನೆಯ ಫೋಟೊ ತಾನೇ ತೆಗೆದು ಹಾಕಿದ. ಆ ಪುಟದಲ್ಲಿ ಈಗ ಅತ್ಯಂತ ಉಪಯುಕ್ತವಾದ ಭಾಗ ಅದೇ. ಕಾರಣ ಬರೆಯದೆ ಅಳಿಸಿದ್ದರೆ ಅವನು ಮತ್ತೆ ಬರುತ್ತಿರಲಿಲ್ಲ.

ಹಾಗೆಂದು ಹೊಸಬರು ಪಾಪ ಎಂದು ಕಳಪೆಯನ್ನು ಬಿಟ್ಟುಬಿಡುವುದು ಇನ್ನೂ ದೊಡ್ಡ ತಪ್ಪು. ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿ 1367ರದ್ದು, ತೆರೆದ ಅಂಗಳವಿಲ್ಲದೆ ಪೂರ್ತಿ ಚಾವಣಿ ಹೊದ್ದ ಅಪರೂಪದ ಕಟ್ಟಡ. ಸ್ಪೇನಿನ ಕಾರ್ಡೋವಾ ಮಸೀದಿಯ ಹೋಲಿಕೆ ಇದೆ ಎಂದು ಹೇಳುವವರಿದ್ದಾರೆ. ಹೋಲಿಕೆ ಎಂಬುದು ಒಂದು ತಿದ್ದುಪಡಿಯಲ್ಲಿ ‘ನಕಲು’ ಆಗಿಬಿಟ್ಟರೆ, ಶಾಲೆಯ ಮಗು ಅದನ್ನೇ ಪ್ರಾಜೆಕ್ಟಿಗೆ ಇಳಿಸಿಕೊಳ್ಳುತ್ತದೆ, ಪತ್ರಿಕೆಯವರು ಮಗುವಿಗಿಂತ ಬೇಗ ಇಳಿಸಿಕೊಳ್ಳುತ್ತಾರೆ. ಆಮೇಲೆ ಆ ಪತ್ರಿಕೆಯ ಬರಹವೇ ಆಧಾರವೆಂದು ಮರಳಿ ವಿಕಿಪೀಡಿಯಕ್ಕೆ ಬರುತ್ತದೆ. ಆ ಸುತ್ತನ್ನು ಮೊದಲ ದಿನವೇ ಕಡಿಯಬೇಕು.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಬರೆಯುವವರು ಆಗಲೂ ಕಡಿಮೆ, ಈಗಲೂ ಕಡಿಮೆ. ಬರೆದದ್ದನ್ನು ಕೂತು ಓದಿ ನೋಡುವವರು ಇನ್ನೂ ಕಡಿಮೆ. ನಿಮ್ಮ ಊರಿನ ಪುಟ ತೆರೆಯಿರಿ, ‘ಇತಿಹಾಸ ನೋಡಿ’ ಒತ್ತಿರಿ, ಕೊನೆಯ ನಾಲ್ಕು ತಿದ್ದುಪಡಿ ಓದಿರಿ. ತಪ್ಪು ಕಂಡರೆ ತಿದ್ದಿ, ಯಾಕೆ ತಿದ್ದಿದಿರಿ ಎಂದು ಒಂದು ಸಾಲು ಬರೆಯಿರಿ.