ಸುವರ್ಣಯುಗದ ಜಗಳ

ಕೊಪ್ಪಳ ಸೀಮೆಯಲ್ಲಿ ಸುವರ್ಣಯುಗದ ಮಾತಿಗೆ ಎಂದೂ ಬರವಿಲ್ಲ. ಗಂಗಾವತಿಯವರು ಆನೆಗೊಂದಿಯತ್ತ ಕೈಮಾಡಿ ವಿಜಯನಗರದ ಅರಸರನ್ನು ನೆನೆಯುತ್ತಾರೆ. ಯಲಬುರ್ಗಾದ ಕಡೆಯ ಹಿರಿಯರು ಬೆಳಗಿನವರೆಗೆ ನಡೆಯುತ್ತಿದ್ದ ದೊಡ್ಡಾಟಗಳನ್ನು ನೆನೆದು ಈಗಿನವರ ಕಂಠವನ್ನು ಹಳಿಯುತ್ತಾರೆ. ಆದರೆ ಕುಷ್ಟಗಿಗೆ ಸಮೀಪದ ಹಳ್ಳಿಯೊಂದರಲ್ಲಿ, ದೀಪಾವಳಿಯ ಮರುದಿನ, ಇಬ್ಬರು ಅಣ್ಣತಮ್ಮಂದಿರು ವಾದಕ್ಕೆ ನಿಂತುದು ಇವುಗಳಾವುದರ ಸಲುವಾಗಿಯೂ ಅಲ್ಲ. ಕಂಪ್ಯೂಟರಿನಲ್ಲಿ ಪಾತ್ರ ಧರಿಸಿ ಆಡುವ ಆಟಗಳ ಸುವರ್ಣಯುಗ ಯಾವುದು ಎಂಬ ಪ್ರಶ್ನೆಗಾಗಿ!

ಈ ಆಟಗಳನ್ನು ಕಾಣದವರಿಗಾಗಿ ಒಂದು ಮಾತು. ದೊಡ್ಡಾಟದಲ್ಲಿ ಅರ್ಜುನನ ವೇಷ ಹಾಕಿದವನಿಗೆ ಆಡಬೇಕಾದ ಮಾತೂ ಗೊತ್ತು, ಕಥೆಯ ಕೊನೆಯೂ ಗೊತ್ತು. ಇಲ್ಲಿ ವೇಷವನ್ನು ಆಡುವವನೇ ಆರಿಸಿಕೊಳ್ಳಬೇಕು. ಎದುರಾದವನನ್ನು ಕೊಲ್ಲುವುದೋ, ನಯವಾದ ಮಾತಿನಿಂದ ಒಲಿಸಿಕೊಳ್ಳುವುದೋ ಅವನಿಗೇ ಬಿಟ್ಟದ್ದು. ಕಥೆ ಅದಕ್ಕೆ ತಕ್ಕಂತೆ ಹೊರಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಮೇಜಿನ ಸುತ್ತ ಕುಳಿತು ಆಡುವ ಆಟ ಇವುಗಳ ತಾಯಿ. ಅದರ ಹಿಂದಿದ್ದುದು ಸಣ್ಣ ಸಣ್ಣ ಬೊಂಬೆಗಳನ್ನಿಟ್ಟು ಹೂಡುತ್ತಿದ್ದ ಯುದ್ಧದಾಟ. ಕಿನ್ನಾಳದ ಬಣ್ಣದ ಬೊಂಬೆಗಳನ್ನು ಕೈಯಲ್ಲಿ ಹಿಡಿದವರಿಗೆ ಈ ಮರುಳು ಹೇಗೆ ಹತ್ತುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಸುವರ್ಣಯುಗ ನಡೆದಿರುವುದು ಈಗಲೇ ಎಂಬುದು ಅವನ ಪಕ್ಷ. ಬೆಲ್ಜಿಯಮ್ಮಿನ ಲೇರಿಯನ್ ಸಂಸ್ಥೆ 2023ರಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್ 3’ ಅವನ ಬ್ರಹ್ಮಾಸ್ತ್ರ: ಪಾತ್ರಗಳ ಮಾತನ್ನು ಓದಬೇಕಾಗಿಲ್ಲ, ನಟರ ಕಂಠದಲ್ಲಿ ಕೇಳಬಹುದು, ನಾಲ್ವರು ಗೆಳೆಯರು ನಾಲ್ಕು ಊರುಗಳಲ್ಲಿದ್ದೇ ಕೂಡಿ ಆಡಬಹುದು.

ಅಣ್ಣ ಊರಿನಲ್ಲೇ ಉಳಿದ ಒಕ್ಕಲಿಗ. ಅವನ ಸುವರ್ಣಯುಗಕ್ಕೆ ನಾಲ್ಕೇ ವರ್ಷ ಆಯುಷ್ಯ: 1997ರ ‘ಫಾಲ್‌ಔಟ್’, ಮರುವರ್ಷದ ಮೊದಲ ‘ಬಾಲ್ಡರ್ಸ್ ಗೇಟ್’, 1999ರ ‘ಪ್ಲೇನ್‌ಸ್ಕೇಪ್ ಟಾರ್ಮೆಂಟ್’, 2000ದ ‘ಬಾಲ್ಡರ್ಸ್ ಗೇಟ್ 2’. ಚಿತ್ರ ಬಡವಾಗಿದ್ದುದರಿಂದಲೇ ಮಾತು ಶ್ರೀಮಂತವಾಗಿತ್ತು ಎಂದು ಅವನ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ‘ಟಾರ್ಮೆಂಟ್’ ಒಂದು ಗ್ರಂಥವನ್ನು ಓದಿದಂತೆಯೇ ಓದಬೇಕಾದ ಆಟ. ಹೊರದೇಶಗಳ ಹಳಬರಾದರೋ ಇಬ್ಬರನ್ನೂ ಒಪ್ಪದೆ 1985ರ ‘ಅಲ್ಟಿಮಾ 4’ರತ್ತ ಬೆರಳು ಮಾಡುತ್ತಾರೆ. ಅದರಲ್ಲಿ ಕೊಲ್ಲಬೇಕಾದ ರಾಕ್ಷಸರಾಜನೇ ಇಲ್ಲ. ನಾಯಕ ಎಂಟು ಸದ್ಗುಣಗಳನ್ನು ಸಾಧಿಸಿ ‘ಅವತಾರ’ ಎನಿಸಿಕೊಳ್ಳಬೇಕು. ನಮ್ಮ ಪುರಾಣದ ಶಬ್ದ ಕಡಲು ದಾಟಿ ಎಂಥ ಮನೆ ಸೇರಿತು ನೋಡಿ!

ಆದರೆ ಈ ಮನೆಯ ಜಗಳದ ಬೇರು ‘ಫಾಲ್‌ಔಟ್’ನಲ್ಲಿತ್ತು. ಅಣುಯುದ್ಧದಲ್ಲಿ ಜಗತ್ತು ಸುಟ್ಟುಹೋದ ಮೇಲೆ ನೆಲದಡಿಯ ಆಶ್ರಯವೊಂದರಲ್ಲಿ ಕೆಲವರು ಬದುಕಿದ್ದಾರೆ. ಅವರ ನೀರಿನ ಯಂತ್ರದ ಒಂದು ಚಿಪ್ ಕೆಡುತ್ತದೆ. ಒಬ್ಬನು ಹೊರಗೆ ಹೋಗಿ 150 ದಿನಗಳೊಳಗೆ ಅದನ್ನು ತರಬೇಕು. ನೀರಿನ ವ್ಯಾಪಾರಿಗಳಿಗೆ ಹಣ ತೆತ್ತರೆ ಇನ್ನೂ ನೂರು ದಿನ ದೊರೆಯುತ್ತವೆ. ಟ್ಯಾಂಕರಿನ ದಾರಿ ಕಾದ ಕುಷ್ಟಗಿಯ ಹುಡುಗರಿಗೆ ಈ ಕಥೆಯ ಅರ್ಥ ಹೇಳಲು ಯಾವ ಶಾಸ್ತ್ರಿಯೂ ಬೇಕಿರಲಿಲ್ಲ.

ಅದು 2003ರ ಬೇಸಗೆ, ಮೇಲಿಂದ ಮೇಲೆ ಬರ ಬಿದ್ದ ಕಾಲ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ ಸೋದರಮಾವ ಹಳೆಯ ಕಂಪ್ಯೂಟರೊಂದನ್ನು ತಂದುಕೊಟ್ಟಿದ್ದ. ಒಂದೇ ಕುರ್ಚಿಯಲ್ಲಿ ಇಬ್ಬರು. ಅಣ್ಣ ತೊಡೆಯ ಮೇಲೆ ನಿಘಂಟು ಹರವಿಕೊಂಡು ಇಂಗ್ಲಿಷ್ ಮಾತುಗಳನ್ನು ಕನ್ನಡದಲ್ಲಿ ಹೇಳುವನು. ತಮ್ಮ ಮೌಸ್ ಹಿಡಿಯುವನು. ಕರೆಂಟು ಹೋದರೆ ಕತ್ತಲಲ್ಲೇ ಮುಂದಿನ ಹೆಜ್ಜೆಯ ಆಲೋಚನೆ. ಚಿಪ್ ಸಿಗುವ ಮೊದಲೇ ಮನೆಯ ಎರಡನೆಯ ಕೊಳವೆಬಾವಿಯೂ ಬತ್ತಿತು. ಮೂರನೆಯದನ್ನು ಕೊರೆಸಲು ಎತ್ತುಗಳ ಜೊತೆಗೆ ಕಂಪ್ಯೂಟರೂ ಮಾರಾಟವಾಯಿತು. ಅಣ್ಣನ ಕಾಲೇಜು ಅಲ್ಲಿಗೇ ನಿಂತಿತು, ತಮ್ಮನದು ನಿಲ್ಲಲಿಲ್ಲ. ಆ ಕುರಿತು ಮನೆಯಲ್ಲಿ ಯಾರೂ ಮಾತಾಡಿದುದಿಲ್ಲ.

ವಾದದ ಬಿಸಿಯಲ್ಲಿ ತಮ್ಮನ ಬಾಯಿಂದ ಮಾತು ಜಾರಿತು: “ಅದು ಸುವರ್ಣಯುಗ ಅಲ್ಲ ಅಣ್ಣಾ, ಅದು ನಿನ್ನ ಹದಿನೆಂಟನೇ ವರ್ಷ.”

ಅಣ್ಣ ಉತ್ತರ ಕೊಡಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದ: “ಆ ಆಟ ನೀ ಮುಗಿಸಿದೇನು?”

“ಮುಗಿಸೀನಿ. ಹಾಸ್ಟೆಲ್‌ನ್ಯಾಗ.”

“ನನಗ ಹೇಳಲಿಲ್ಲ.”

“ಹ್ಯಾಂಗ ಹೇಳಲಿ?”

“ಅಂವ ನೀರು ತಂದನೇನು?”

“ತಂದ. ಮುಂದ ದೊಡ್ಡ ವೈರಿನೂ ಮುಗಿಸಿ ಬಂದ. ಆದರ ಒಳಗ ಬಿಟ್ಟುಕೊಳ್ಳಲಿಲ್ಲ ಅಣ್ಣಾ. ಹೊರಗ ತಿರುಗಿ ಬ್ಯಾರೆ ಮನಿಷ್ಯಾ ಆಗಿ ನೀ, ನಿನ್ನ ನೋಡಿ ನಮ್ಮ ಹುಡುಗರೂ ಹೊರಗ ಹೊಂಟಾರು ಅಂತ ಅಲ್ಲಿಯ ಹಿರಿಯ ಬಾಗಲದಾಗ ತಡದ. ಅಂವ ಒಬ್ಬನ ಮರಳುಗಾಡಿಗೆ ಹೊಳ್ಳಿ ಹೋದ.”

ಅಂಗಳದಲ್ಲಿ ಮಕ್ಕಳು ಉಳಿದ ಪಟಾಕಿಗಳನ್ನು ಎಣಿಸುತ್ತಿದ್ದರು. ಅಣ್ಣ ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡ.

“ಆ ಹಿರಿಯಗ ಬುದ್ಧಿ ಇಲ್ಲ,” ಎಂದ.

ಅಷ್ಟರಲ್ಲಿ ಥ್ರೀಫೇಸ್ ಕರೆಂಟು ಬಂದಿತೆಂದು ಒಳಗಿನಿಂದ ಅತ್ತಿಗೆಯ ಕೂಗು ಕೇಳಿಸಿತು. ಹೊಲದ ಮೋಟಾರು ಹಚ್ಚಬೇಕು. ಅಣ್ಣ ಚಪ್ಪಲಿ ಮೆಟ್ಟಿಕೊಂಡ. ತಮ್ಮ ಗೂಡಿನಲ್ಲಿದ್ದ ಬ್ಯಾಟರಿಯನ್ನು ತೆಗೆದುಕೊಂಡು, ಬೆಳಕನ್ನು ಅಣ್ಣನ ಕಾಲ ಮುಂದೆ ಬಿಡುತ್ತ ಹಿಂದೆ ನಡೆದ. ಬದುವಿನ ಹತ್ತಿರ ಹೋಗುವಷ್ಟರಲ್ಲಿ, ಆ ಮೂಲ ಆಟ ಈಗಲೂ ಎಲ್ಲಿಯಾದರೂ ಸಿಕ್ಕೀತೇ ಎಂದು ಅಣ್ಣ ಕೇಳುತ್ತಿದ್ದ.