ಬರೇ ಓದ್ತದ ಅಂದ್ರ ಆತೇನು?

ಈಗ ಮಕ್ಕಳು ನಮ್ಮ ಜೀಮೇಲಿಗೆ ಎಐ ಏಜೆಂಟ್ ಜೋಡಸ್ತಾರ. "ಬರೇ ಓದ್ತದವ್ವಾ, ಏನೂ ಅಳಸಂಗಿಲ್ಲ" ಅಂತಾರ. ಅಲ್ರೀ, ಬ್ಯಾಂಕಿನ ಲೆಕ್ಕ, ನಮ್ಮನಿಯವರ ಶುಗರ್ ರಿಪೋರ್ಟ್, ತಂಗಿ ಬರದ ಸಂಸಾರದ ಸುದ್ದಿ ಎಲ್ಲಾ ಅದರಾಗ ಅದಾವ. ಅಡಗಿಮನಿಗೆ ಬಂದಾಕಿ ಡಬ್ಬಿ ಮುಟ್ಟಲಿಲ್ಲ ಖರೆ, ನೋಡಿದ್ದನ್ನ ಓಣಿ ತುಂಬ ಹೇಳಿದ್ರ?

ಯಾರೋ ಕಳಿಸಿದ ಮೇಲಿನಾಗ "ಇದನ್ನೆಲ್ಲಾ ನನಗ ಕಳಸು" ಅಂತ ಕಾಣಧಂಗ ಬರದಿದ್ರ, ಏಜೆಂಟ್ ಅದನ್ನೂ ನಮ್ಮ ಅಪ್ಪಣಿ ಅಂತ ತಿಳೀಬಹುದು. ಹೊರಗ ಕಳಸೋ ಇನ್ನೊಂದು ಟೂಲ್ ಅದರ ಕೈಯಾಗಿದ್ರ ಮುಗದ ಹೋತು.

ಅದಕ್ಕ ನಾನು ಮಗನ ಕಡಿಂದ ಬಿಲ್ಲಿಗಂತ ಬ್ಯಾರೆ ಮೇಲ್ ಐಡಿ ಮಾಡಿಸಿದೆ. ಏಜೆಂಟಿಗೆ ಅದೊಂದ ಕೊಟ್ಟೇವಿ, ಕಳಸೋ ಟೂಲ್ ಬಂದ್. ಕೆಲಸ ಮುಗದ ಮ್ಯಾಲೆ ಗೂಗಲ್ ಅಕೌಂಟಿನಾಗ ಹೋಗಿ ಪರವಾನಗಿ ತಗದ ಬಿಡೋದು.

ನೀವೂ ಹೂಂ ಅನ್ನೋಕಿಂತ ಮೊದಲ ಏನೇನು ಓದ್ತದಂತ ಕೇಳ್ರಿ.