ನಂಜಮ್ಮನನ್ನು ಕೊಟ್ಟವರ ‘ಆವರಣ’

2007ರಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ ಬಂದಾಗ ನಾವು ಹರದನಹಳ್ಳಿಯಲ್ಲಿದ್ದೆವು. ಪುಸ್ತಕ ಮರುಮುದ್ರಣದ ಮೇಲೆ ಮರುಮುದ್ರಣ ಕಾಣುತ್ತಿತ್ತು. ಚಾಮರಾಜನಗರದಿಂದ ಅದನ್ನು ತಂದ ಗೆಳೆಯರೊಬ್ಬರು, “ಓದಿ ಸಾ, ನಿಮ್ಮೋರ ಬಗ್ಗೇನೇ ಬರ್ದವ್ರೆ” ಎಂದು ಕೈಗಿತ್ತರು. ಮಾತಿನಲ್ಲಿ ಕುಹಕವಿರಲಿಲ್ಲ. ನಾವೂ ಆಸೆಯಿಂದಲೇ ಓದಲು ಕೂತೆವು.

ಆಸೆಗೆ ಕಾರಣವಿತ್ತು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ನಮಗೆ ಕನ್ನಡದ ರುಚಿ ಹತ್ತಿಸಿದ್ದು ಅವರದೇ ‘ಗೃಹಭಂಗ’ (1970). ಅಲ್ಲಿ ಗಂಡ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯುವವಳು ನಂಜಮ್ಮ. ನಮ್ಮ ಮನೆಯಲ್ಲಿ ರೇಷ್ಮೆ ಬಿಚ್ಚಾಣಿಕೆ. ಗೂಡಿನ ಲೆಕ್ಕವನ್ನು ಉರ್ದುವಿನಲ್ಲಿ ಬರೆದಿಡುತ್ತಿದ್ದವರು ಅಮ್ಮಿ. ಕಥೆ ಹೇಳಿದಾಗ ಅಮ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಇದು ನಮ್ಮದೇ ಮನೆಯ ಮಾತು, ಬೇಟಾ” ಎಂದಿದ್ದರು. ಪ್ಲೇಗಿನಲ್ಲಿ ಮಕ್ಕಳನ್ನು ಕಳೆದುಕೊಂಡ ಆ ಬ್ರಾಹ್ಮಣ ಹೆಣ್ಣುಮಗಳಿಗಾಗಿ ಅಂದು ನಮ್ಮ ಮನೆಯಲ್ಲಿ ದುವಾ ಆಯಿತು.

‘ಆವರಣ’ದಲ್ಲಿ ಅಮೀರನನ್ನು ಮದುವೆಯಾಗಿ ರಜಿಯಾ ಆದ ಲಕ್ಷ್ಮಿ, ತಂದೆ ತೀರಿಕೊಂಡ ಮೇಲೆ ಊರಿಗೆ ಹೋಗಿ, ಅವರು ಕೂಡಿಟ್ಟ ಪುಸ್ತಕಗಳನ್ನು ಓದಿ, ಮೊಗಲರ ಕಾಲದ ಕಾದಂಬರಿಯೊಂದನ್ನು ಬರೆಯುತ್ತಾಳೆ. ಗುಡಿ ಒಡೆದ ಚರಿತ್ರೆಯನ್ನು ಮುಚ್ಚಿಡಬಾರದೆಂಬ ಮಾತಿಗೆ ನಮ್ಮ ತಕರಾರಿಲ್ಲ. ಬಾದಶಹರ ಪಾಪಪುಣ್ಯಗಳಿಗೆ ನಾವು ವಾರಸುದಾರರೆಂದೂ ಭಾವಿಸಿಲ್ಲ. ನಮ್ಮ ನಿರಾಶೆ ಬೇರೆ. ಅಮೀರ ಬಾಯಿ ತೆರೆದರೆ ವಾದ. ತಟ್ಟೆಯ ಮಾಂಸವೂ ವಾದ. ಸಾಲಕ್ಕೆ ಪರದಾಡುವ, ಜ್ವರ ಬಂದ ಮಗುವಿನ ಪಕ್ಕ ರಾತ್ರಿಯಿಡೀ ಕೂರುವ ಒಬ್ಬ ಮುಸ್ಲಿಮನಿಗಾಗಿ ಹುಡುಕಿದೆವು, ನಮಗೆ ಸಿಗಲಿಲ್ಲ. ನಂಜಮ್ಮನ ಒಲೆಯ ಹೊಗೆಯನ್ನು ಬಲ್ಲ ಲೇಖಕರು ಅಮೀರನ ಮನೆಯ ಒಲೆಯ ಹತ್ತಿರ ಬರಲೇ ಇಲ್ಲವೆನಿಸಿತು.

“ಇದರಲ್ಲಿ ಮನೆ ಲೆಕ್ಕ ಬರೆಯುವವರು ಯಾರು?” ಎಂದು ಅಮ್ಮಿ ಕೇಳಿದರು. “ಬಾದಶಹರ ಲೆಕ್ಕ ಮಾತ್ರ ಇದೆ ಅಮ್ಮಿ” ಎಂದೆವು.

ಸಿಟ್ಟಿನಲ್ಲಿ ಉತ್ತರವಾಗಿ ಒಂದು ಕಥೆ ಬರೆದೆವು. ಅದರಲ್ಲೊಬ್ಬ ಅರ್ಚಕ. ಮರುದಿನ ಓದಿದರೆ ನಾಚಿಕೆಯಾಯಿತು. ನಮ್ಮ ಅರ್ಚಕನೂ ಬಾಯಿ ತೆರೆದರೆ ವಾದವೇ. ಊರಿನ ದಿವ್ಯಲಿಂಗೇಶ್ವರ ಗುಡಿಯ ಮುಂದೆ ಚಿಕ್ಕಂದಿನಿಂದ ಓಡಾಡಿದವರು ನಾವು. ಪೂಜೆ ಮುಗಿಸಿ ಮನೆಗೆ ಹೋದವನಿಗೆ ಅಲ್ಲಿ ಯಾವ ಚಿಂತೆ ಕಾದಿರುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಕಥೆಯನ್ನು ಹರಿದು ಹಾಕಿದೆವು. ಹಿರಿಯ ಲೇಖಕರ ಮೇಲೆ ನಾವು ಹೊರಿಸಿದ್ದ ದೂರು ನಮ್ಮ ಮೇಲೂ ಇತ್ತು.

ಪುಸ್ತಕ ಹಿಂದಿರುಗಿಸುವಾಗ ಗೆಳೆಯರು, “ಹೆಂಗದೆ ಸಾ?” ಎಂದರು. “ನಮ್ಮೋರು ಇದರಲ್ಲಿ ಸಿಗಲಿಲ್ಲ, ‘ಗೃಹಭಂಗ’ದಲ್ಲಿದ್ದಾರೆ” ಎಂದೆವು. ಅವರು ಅದನ್ನು ಓದಿರಲಿಲ್ಲ. ನಮ್ಮ ಪ್ರತಿಯನ್ನೇ ಕೊಟ್ಟೆವು.

2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡ ದಿನ ಆ ಗೆಳೆಯರು ಫೋನು ಮಾಡಿದ್ದರು. ಇಬ್ಬರೂ ಬಹಳ ಹೊತ್ತು ನಂಜಮ್ಮನ ವಿಷಯವನ್ನೇ ಮಾತಾಡಿದೆವು.